ಹಿಮ ಬಿದ್ದಾಗ ಕಾರಿನ ಕಣ್ಣು ಕಟ್ಟುವುದೇಕೆ?

ಹಿಮ ಬೀಳುವ ಊರುಗಳಲ್ಲಿ ಹೊಸ ಕಾರು ಓಡಿಸುವವರಿಗೆ ಚಳಿಗಾಲದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಒಂದು ಸಂದೇಶ ಪದೇಪದೇ ಕಾಣಿಸುತ್ತದೆ. ರೇಡಿಯೋ ಅಲೆಗಳಿಂದ ಎದುರಿನ ವಸ್ತು ಗುರುತಿಸುವ ಮುಂದಿನ ರೇಡಾರ್ ಮುಚ್ಚಿದೆ, ಡಿಕ್ಕಿ ತಪ್ಪಿಸಲು ಕಾರು ತಾನಾಗಿಯೇ ಹಾಕುವ ತುರ್ತು ಬ್ರೇಕ್ ಸದ್ಯಕ್ಕೆ ಕೆಲಸ ಮಾಡುವುದಿಲ್ಲ ಎನ್ನುವ ಸಂದೇಶ. ಸ್ವಲ್ಪ ಹೊತ್ತಿಗೆ, ಕಾರು ಗೆರೆ ದಾಟದಂತೆ ಲೇನ್ ಕಾಯುವ ವ್ಯವಸ್ಥೆಯೂ ಕೈಚೆಲ್ಲುತ್ತದೆ. ಎದುರಿಗೆ ಏನೂ ಇಲ್ಲದಿದ್ದರೂ ಪಾರ್ಕಿಂಗ್ ಸೆನ್ಸರ್ ಕೂಗತೊಡಗುತ್ತದೆ. ರಸ್ತೆ ಜಾರುತ್ತಿರುತ್ತದೆ, ಕಣ್ಣಿಗೆ ಸರಿಯಾಗಿ ಏನೂ ಕಾಣುತ್ತಿರುವುದಿಲ್ಲ. ನೆರವು ಬೇಕಾದದ್ದು ಆಗಲೇ, ಅದು ಕೈಕೊಡುವುದೂ ಆಗಲೇ.

ಇದು ಯಾವುದೋ ಒಂದು ಕಂಪನಿಯ ಕಾರಿಗೆ ಮಾತ್ರ ಅಂಟಿದ ದೋಷವಲ್ಲ. ಇಂದಿನ ಕಾರುಗಳು ಲೋಕವನ್ನು ನೋಡುವ ರೀತಿಯಲ್ಲೇ ಈ ತೊಂದರೆ ಇದೆ. ಕಾನೂನು ಈಗ ಅದೇ ಕಣ್ಣುಗಳ ಮೇಲೆ ಹೆಚ್ಚು ಹೆಚ್ಚು ಭಾರ ಹಾಕುತ್ತಿರುವುದರಿಂದ ಇದನ್ನು ಬಿಡಿಸಿ ನೋಡಬೇಕಾಗಿದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ತುರ್ತು ಬ್ರೇಕ್ ವ್ಯವಸ್ಥೆ ಕಡ್ಡಾಯವಾಯಿತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಇಂಥದ್ದೇ ನಿಯಮ ಹೊರಡಿಸಿ, ಕಾರು ತಯಾರಕರಿಗೆ 2029ರ ಸೆಪ್ಟೆಂಬರ್ ಗಡುವು ಕೊಟ್ಟಿತು.

ಈ ವ್ಯವಸ್ಥೆಗಳು ಪಾಸಾಗಬೇಕಾದ ಪರೀಕ್ಷೆ ಎಂಥದ್ದು ನೋಡಿ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಕಾರುಗಳ ತುರ್ತು ಬ್ರೇಕ್‌ಗೆ ಸಂಬಂಧಿಸಿದ್ದು 152ನೇ ನಿಯಮ. ಅದರ ಪ್ರಕಾರ ಪರೀಕ್ಷೆ ನಡೆಯುವುದು 0 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ, ಒಣಗಿದ ಸಮತಟ್ಟು ರಸ್ತೆಯ ಮೇಲೆ. ಅಮೆರಿಕದ ನಿಯಮದಲ್ಲೂ ಹವೆ 0 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹಿಮ ಬೀಳುವಾಗ ಏನಾಗುತ್ತದೆ ಎಂದು ಈ ಪರೀಕ್ಷೆಗಳು ಕೇಳುವುದೇ ಇಲ್ಲ.

ಅದೇ ಕಾರಿನ ವಿಂಡ್‌ಶೀಲ್ಡ್‌ಗೆ ಮಾತ್ರ ಚಳಿಯ ಪರೀಕ್ಷೆ ಬಹಳ ಹಿಂದಿನಿಂದಲೂ ಇದೆ. ಐರೋಪ್ಯ ನಿಯಮದಲ್ಲಿ ಕಾರನ್ನು ಮೈನಸ್ 8 ಅಥವಾ ಮೈನಸ್ 18 ಡಿಗ್ರಿಯ ಕೋಣೆಯಲ್ಲಿಟ್ಟು, ಗಾಜಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟಿಸುತ್ತಾರೆ. ಕಾರು ಚಾಲೂ ಮಾಡಿದ 20 ನಿಮಿಷದೊಳಗೆ ಚಾಲಕರ ಕಣ್ಣಿನ ನೇರಕ್ಕಿರುವ ಭಾಗದಲ್ಲಿ ಶೇ 80ರಷ್ಟು ತಿಳಿಯಾಗಬೇಕು. 40 ನಿಮಿಷದೊಳಗೆ ಅದಕ್ಕಿಂತ ದೊಡ್ಡ ಭಾಗದಲ್ಲಿ ಶೇ 95 ತಿಳಿಯಾಗಬೇಕು. ಮನುಷ್ಯರ ಕಣ್ಣಿನ ಬಗ್ಗೆ ಕಾನೂನು ಇಷ್ಟು ಕಾಳಜಿ ಮಾಡಿದೆ. ಕಾರಿನ ಕಣ್ಣಿನ ಬಗ್ಗೆ ಮಾಡಿಲ್ಲ. ಚಳಿಗಾಲದ ಸೆನ್ಸರ್ ತೊಂದರೆಗಳ ಬೇರು ಬಹುಮಟ್ಟಿಗೆ ಇಲ್ಲಿದೆ ಎಂದು ನನಗನಿಸುತ್ತದೆ.

ಗಾಜು ಒಂದೇ, ನೋಡುವವರು ಇಬ್ಬರು

ಮೊದಲು ಗಾಜಿನ ಕತೆ. ರಾತ್ರಿ ಬಯಲಲ್ಲಿ ನಿಂತ ಕಾರಿನ ವಿಂಡ್‌ಶೀಲ್ಡ್ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಗಾಳಿ 1–2 ಡಿಗ್ರಿ ಇದ್ದರೂ ಗಾಜು ಸೊನ್ನೆಗಿಂತ ಕೆಳಗಿಳಿದಿರಬಹುದು. ಗಾಳಿಯ ತೇವ ನೇರವಾಗಿ ಅದರ ಮೇಲೆ ಹರಳುಗಟ್ಟುತ್ತದೆ. ಹಿಮವೇ ಬೀಳದ ರಾತ್ರಿಯ ಮರುಬೆಳಿಗ್ಗೆಯೂ ಗಾಜು ಬೆಳ್ಳಗಾಗಿರುವುದು ಇದರಿಂದ. ಮರದ ಕೆಳಗೋ ಸೂರಿನ ಕೆಳಗೋ ನಿಲ್ಲಿಸಿದ ಕಾರಿಗೆ ಈ ಕಾಟ ಕಡಿಮೆ, ಏಕೆಂದರೆ ಅದರ ಗಾಜಿಗೆ ಆಕಾಶ ಕಾಣಿಸುವುದಿಲ್ಲ.

ಒಳಗಿನ ತೊಂದರೆ ಬೇರೆ. ನಮ್ಮ ಉಸಿರು, ಒದ್ದೆ ಕೋಟು, ಶೂಗೆ ಅಂಟಿ ಬಂದು ಕಾಲಡಿಯ ಮ್ಯಾಟ್ ಮೇಲೆ ಕರಗುವ ಹಿಮ, ಎಲ್ಲವೂ ಕಾರಿನೊಳಗೆ ತೇವ ತುಂಬುತ್ತವೆ. ಆ ತೇವ ತಣ್ಣನೆಯ ಗಾಜಿಗೆ ತಾಗಿ ಮಬ್ಬು ಕಟ್ಟುತ್ತದೆ, ಚಳಿ ಜಾಸ್ತಿಯಾದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಬೇಗ ಬೆಚ್ಚಗಾಗಲಿ ಅಂತ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದರೆ ಮಬ್ಬು ಇನ್ನೂ ಹೆಚ್ಚುತ್ತದೆ. ಹೊರಗಿನ ಗಾಳಿ ತಣ್ಣಗಿದ್ದರೂ ಅದರಲ್ಲಿ ತೇವ ಕಡಿಮೆ. ಅದನ್ನು ಒಳಗೆಳೆದು, ಕಾಯಿಸಿ, ಗಾಜಿನ ಮೇಲೆ ಊದಿದಾಗಲೇ ಗಾಜು ಒಣಗುವುದು. ಏಸಿ ಗಾಳಿಯ ತೇವ ಹೀರುತ್ತದೆ ನಿಜ. ಆದರೆ ಹವೆ ಸೊನ್ನೆಯ ಆಸುಪಾಸಿಗೆ ಇಳಿದಾಗ ಎಷ್ಟೋ ಕಾರುಗಳಲ್ಲಿ ಏಸಿಯ ಕಂಪ್ರೆಸರ್ ತಾನಾಗಿಯೇ ನಿಂತುಬಿಡುತ್ತದೆ. ಆಮೇಲೆ ಉಳಿಯುವುದು ಹೊರಗಿನ ಗಾಳಿಯೊಂದೇ. ಆ ಗಾಳಿ ಒಳಬರುವ ಜಾಲರಿ ಇರುವುದು ವಿಂಡ್‌ಶೀಲ್ಡ್‌ನ ಬುಡದಲ್ಲಿ, ವೈಪರ್‌ಗಳ ಕೆಳಗೆ. ಗಾಜು ಒರೆಸುವಾಗ ನಾವು ಹಿಮವನ್ನು ತಳ್ಳುವುದೂ ಅಲ್ಲಿಗೇ ಅಲ್ವಾ? ಜಾಲರಿ ಮುಚ್ಚಿಹೋದರೆ, ಗಾಜಿನ ಮೇಲೆ ಬಿಸಿ ಗಾಳಿ ಊದುವ ಡಿಫ್ರಾಸ್ಟರ್ ಎಷ್ಟು ಜೋರಾಗಿ ಇಟ್ಟರೂ ಮಬ್ಬು ಹೋಗುವುದಿಲ್ಲ.

ಈಗ ಎರಡನೆಯ ನೋಡುಗ. ಲೇನ್ ಗೆರೆ, ಫಲಕ, ಪಾದಚಾರಿ, ಮುಂದಿನ ವಾಹನ ಇವನ್ನೆಲ್ಲ ಗುರುತಿಸುವ ಕ್ಯಾಮೆರಾ ಸಾಮಾನ್ಯವಾಗಿ ವಿಂಡ್‌ಶೀಲ್ಡ್‌ನ ತುದಿಯಲ್ಲಿ, ಒಳಗನ್ನಡಿಯ ಹಿಂದೆ ಇರುತ್ತದೆ. ಎತ್ತರದಿಂದ ದೂರ ಕಾಣುತ್ತದೆ, ವೈಪರ್ ಅಲ್ಲಿಯವರೆಗೂ ಬರುತ್ತದೆ, ಹಾಗಾಗಿ ಜಾಗ ಒಳ್ಳೆಯದೇ. ಆದರೆ ಡಿಫ್ರಾಸ್ಟರ್ ಗಾಳಿ ಬರುವುದು ಡ್ಯಾಶ್‌ಬೋರ್ಡ್‌ನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ. ಮೇಲೆ ಹೋಗುತ್ತಾ ಅದರ ಬಿಸಿ ಇಳಿಯುತ್ತದೆ. ಗಾಜು ಕೊನೆಗೆ ತಿಳಿಯಾಗುವ ಕಡೆಯೇ ಕ್ಯಾಮೆರಾ ಕೂತಿರುತ್ತದೆ. ಸಾಲದ್ದಕ್ಕೆ ಬೆಳಕು ಪ್ರತಿಫಲಿಸದಿರಲಿ ಎಂದು ಅದರ ಸುತ್ತ ಕಪ್ಪು ಪ್ಲಾಸ್ಟಿಕ್ ಗೂಡು ಕಟ್ಟಿರುತ್ತಾರೆ. ಬಿಸಿ ಗಾಳಿ ಆ ಗೂಡಿನೊಳಗೆ ಸರಿಯಾಗಿ ನುಗ್ಗುವುದಿಲ್ಲ. ಚಾಲಕರಿಗೆ ರಸ್ತೆ ಚೆನ್ನಾಗಿಯೇ ಕಾಣುತ್ತಿರುವಾಗ ಕ್ಯಾಮೆರಾ ಮಾತ್ರ ಬಿಳಿ ಪರದೆ ನೋಡುತ್ತಾ ಕೂತಿರುವುದು ಹೀಗೆ.

ಇದನ್ನು ಸರಿಪಡಿಸುವುದು ಎಷ್ಟು ಕಷ್ಟ? ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಬೇಕು. ವಿಂಡ್‌ಶೀಲ್ಡ್ ಸುಮಾರು 1.2 ಚದರ ಮೀಟರ್ ಇದೆ, ಅದರ ಮೇಲೆ 1 ಮಿಲಿಮೀಟರ್ ದಪ್ಪ ಮಂಜುಗಡ್ಡೆ ಕೂತಿದೆ ಎಂದುಕೊಳ್ಳಿ. ಅದರ ತೂಕ 1.1 ಕಿಲೋ ಆಗುತ್ತದೆ. ಮೈನಸ್ 10 ಡಿಗ್ರಿಯಿಂದ ಸೊನ್ನೆಗೆ ತಂದು ಪೂರ್ತಿ ಕರಗಿಸಲು ಸುಮಾರು 390 ಕಿಲೋಜೂಲ್ ಬೇಕು. ಒಂದು ಕಿಲೋವ್ಯಾಟ್ ಹೀಟರ್‌ನ ಶಾಖವೆಲ್ಲ ಮಂಜುಗಡ್ಡೆಗೇ ಹೋಯಿತು ಎಂದರೂ ಆರೂವರೆ ನಿಮಿಷ. ವಾಸ್ತವದಲ್ಲಿ ಶಾಖದ ಹೆಚ್ಚಿನ ಪಾಲು ಗಾಜಿಗೂ ಗಾಳಿಗೂ ಸೋರಿ ಹೋಗುವುದರಿಂದ ಇದರ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ. ಕ್ಯಾಮೆರಾ ಎದುರಿನ ಜಾಗವೋ, 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಅಲ್ಲಿರುವ ಮಂಜುಗಡ್ಡೆ 9 ಗ್ರಾಂ ಚಿಲ್ಲರೆ. ಅದಕ್ಕೆ ಬೇಕಾದದ್ದು ಬರೀ 3.3 ಕಿಲೋಜೂಲ್. 15 ವ್ಯಾಟ್‌ನ ಪುಟ್ಟ ಹೀಟರ್, ಸೋರಿಕೆ ಬಿಟ್ಟು ಲೆಕ್ಕ ಹಾಕಿದರೆ, ನಾಲ್ಕು ನಿಮಿಷದೊಳಗೆ ಕರಗಿಸುತ್ತದೆ. ಗಾಜಿನ ಒಳಮೈಗೆ ಅಂಟಿಸುವ ತೆಳು ತಂತಿಯ ಹೀಟರ್ ಈಗಾಗಲೇ ಹಲವು ಕಾರುಗಳಲ್ಲಿದೆ. ಎಲ್ಲದರಲ್ಲಿ ಇಲ್ಲ. ಇಷ್ಟು ಚಿಕ್ಕ ವಸ್ತುವನ್ನು ಚಳಿದೇಶಗಳಿಗೆ ಮಾರುವ ಪ್ರತಿ ಕಾರಿನಲ್ಲೂ ಇಡದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ವೈಪರ್‌ನ ಹುಟ್ಟೇ ಹಿಮದಿಂದ. ಚಳಿಗಾಲದ ನ್ಯೂಯಾರ್ಕ್‌ನಲ್ಲಿ ಟ್ರಾಮ್ ಚಾಲಕರು ಹಿಮದಿಂದ ಮುಚ್ಚಿದ ಗಾಜಿನಲ್ಲಿ ದಾರಿ ಕಾಣದೆ ಪರದಾಡುವುದನ್ನು ಮೇರಿ ಆ್ಯಂಡರ್ಸನ್ ಎಂಬ ಮಹಿಳೆ ಕಂಡರು. ಒಳಗಿನಿಂದಲೇ ಕೈಯಲ್ಲಿ ತಿರುಗಿಸಿ ಗಾಜು ಒರೆಸುವ ಸಾಧನ ರೂಪಿಸಿ 1903ರ ನವೆಂಬರ್‌ನಲ್ಲಿ ಪೇಟೆಂಟ್ ಪಡೆದರು. ಈಗ ವೈಪರ್ ತಾನಾಗಿಯೇ ಓಡುತ್ತದೆ. ಗಾಜಿನೊಳಗಿನಿಂದ ಅತಿಗೆಂಪು ಬೆಳಕನ್ನು ಓರೆಯಾಗಿ ಬಿಟ್ಟರೆ ಅದು ಹೊರಮೈಯಿಂದ ಪ್ರತಿಫಲಿಸಿ ಸೆನ್ಸರ್‌ಗೆ ಮರಳುತ್ತದೆ. ಹೊರಗೆ ನೀರಿದ್ದರೆ ಒಂದಷ್ಟು ಬೆಳಕು ಆಚೆ ತಪ್ಪಿಸಿಕೊಳ್ಳುತ್ತದೆ. ಮರಳಿದ ಬೆಳಕು ಎಷ್ಟು ಕಡಿಮೆಯಾಯಿತೋ ಅಷ್ಟು ಮಳೆ ಎಂದು ಲೆಕ್ಕ. ಗಾಜಿಗೆ ಅಂಟಿದ ಮಂಜುಗಡ್ಡೆಯೂ ಬೆಳಕನ್ನು ಹೀಗೇ ಹೊರಗೆ ಬಿಡುತ್ತದೆ. ಸೆನ್ಸರ್ ಅದನ್ನು ಮಳೆ ಎಂದು ತಿಳಿದರೆ, ಗಾಜಿಗೆ ಹೆಪ್ಪುಗಟ್ಟಿ ಅಂಟಿರುವ ವೈಪರ್ ಓಡಲು ಹೊರಡುತ್ತದೆ. ರಬ್ಬರ್ ಹರಿಯಬಹುದು, ಮೋಟಾರ್ ಸುಡಬಹುದು. ರಾತ್ರಿ ಕಾರು ನಿಲ್ಲಿಸುವಾಗಲೇ ಆಟೊ ವೈಪರ್ ಬಂದ್ ಮಾಡಿಡಿ ಎನ್ನುವುದು ಇದಕ್ಕೆ.

ಗಾಜು ತೊಳೆಯುವ ದ್ರವದಲ್ಲೂ ಒಂದು ಕೊಕ್ಕೆ ಇದೆ. ಚಳಿಗಾಲದ ದ್ರವದಲ್ಲಿ ಆಲ್ಕೋಹಾಲ್ ಬೆರೆತಿರುತ್ತದೆ, ಡಬ್ಬಿಯಲ್ಲಿದ್ದಾಗ ಹೆಪ್ಪುಗಟ್ಟುವುದಿಲ್ಲ. ಅದನ್ನು ಓಡುವ ಕಾರಿನ ತಣ್ಣನೆಯ ಗಾಜಿನ ಮೇಲೆ ಚಿಮ್ಮಿಸಿದಾಗ ಆಲ್ಕೋಹಾಲ್ ಮೊದಲು ಆವಿಯಾಗುತ್ತದೆ. ಆವಿಯಾಗುವಾಗ ಗಾಜಿನ ಶಾಖವನ್ನೂ ಕೊಂಡೊಯ್ಯುತ್ತದೆ. ಉಳಿದ ನೀರು ನೋಡನೋಡುತ್ತಲೇ ಮಂಜುಗಡ್ಡೆಯಾಗುತ್ತದೆ. ವೇಗದಲ್ಲಿರುವಾಗ ಗಾಜು ಬೆಚ್ಚಗಿಲ್ಲದೆ ದ್ರವ ಚಿಮ್ಮಿಸುವುದು ಅಪಾಯ.

ಬಿಸಿನೀರು ಸುರಿಯುವ ಅಭ್ಯಾಸವಂತೂ ಬೇಡವೇ ಬೇಡ. ಗಾಜಿನ ಒಂದು ಕಡೆ ಥಟ್ಟನೆ ಹಿಗ್ಗಿ ಪಕ್ಕದ ಭಾಗ ತಣ್ಣಗೇ ಉಳಿದರೆ ಅಲ್ಲಿ ಬಿರುಕು ಬಿಡುತ್ತದೆ. ಕಲ್ಲು ತಾಗಿ ಆದ ಚಿಕ್ಕ ಗಾಯ ಮೊದಲೇ ಇದ್ದರೆ ಕೇಳುವುದೇ ಬೇಡ. ಅದರೊಳಗೆ ಇಳಿದ ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗಿ ಬಿರುಕನ್ನು ತಾನೇ ಮುಂದಕ್ಕೆ ತಳ್ಳುತ್ತದೆ. ಕ್ಯಾಮೆರಾ ಇರುವ ಕಾರಿನಲ್ಲಿ ವಿಂಡ್‌ಶೀಲ್ಡ್ ಬದಲಿಸಿದರೆ ಕ್ಯಾಮೆರಾದ ಗುರಿಯನ್ನೂ ಮತ್ತೆ ಹೊಂದಿಸಬೇಕು. ಅದಕ್ಕೆ ಬೇರೆ ಖರ್ಚು.

ರೇಡಾರ್: ಒಣ ಹಿಮ ಮಿತ್ರ, ಒದ್ದೆ ಹಿಮ ಶತ್ರು

ಹಿಮದಲ್ಲೂ ರೇಡಾರ್ ನೋಡುತ್ತದೆ ಎಂಬ ಮಾತು ಜನಪ್ರಿಯ. ಅರ್ಧ ನಿಜ. ಕಾರಿನ ಮುಂದಿನ ರೇಡಾರ್ ಕೆಲಸ ಮಾಡುವುದು 76ರಿಂದ 81 ಗಿಗಾಹರ್ಟ್ಸ್ ಅಲೆಗಳಲ್ಲಿ. ಅವುಗಳ ಉದ್ದ ಸುಮಾರು 4 ಮಿಲಿಮೀಟರ್. ಒಣ ಹಿಮದ ಬಹುಪಾಲು ಬರೀ ಗಾಳಿ, ಉಳಿದದ್ದು ಮಂಜುಗಡ್ಡೆಯ ಹರಳು. ಮಂಜುಗಡ್ಡೆ ಈ ಅಲೆಗಳನ್ನು ಹೆಚ್ಚು ಹೀರುವುದಿಲ್ಲ. ಹಾಗಾಗಿ ಗಾಳಿಯಲ್ಲಿ ಒಣ ಹಿಮ ಹಾರಾಡುತ್ತಿದ್ದರೂ ರೇಡಾರ್‌ಗೆ ಮುಂದಿನ ವಾಹನ ಕಾಣುತ್ತದೆ. ಮೈನಸ್ 15 ಡಿಗ್ರಿಯ ಪುಡಿ ಹಿಮ ಬಂಪರ್ ಮೇಲೆ ತೆಳ್ಳಗೆ ಕೂತರೂ ದೊಡ್ಡ ತೊಂದರೆಯಾಗದಿರಬಹುದು.

ನೀರಿನ ಸ್ವಭಾವವೇ ಬೇರೆ. ನೀರಿನ ಅಣುಗಳು ಅಲೆಯ ತಾಳಕ್ಕೆ ತಿರುಗಲು ಯತ್ನಿಸಿ ಅದರ ಶಕ್ತಿಯನ್ನು ನುಂಗಿಬಿಡುತ್ತವೆ. ಮಂಜುಗಡ್ಡೆಯಲ್ಲಿ ಅವೇ ಅಣುಗಳು ಬಿಗಿಯಾಗಿ ಸಿಕ್ಕಿಕೊಂಡಿರುವುದರಿಂದ ಹಾಗೆ ತಿರುಗಲಾರವು. ವ್ಯತ್ಯಾಸ ಇಷ್ಟೇ, ಪರಿಣಾಮ ಮಾತ್ರ ಅಗಾಧ. ಸೊನ್ನೆಯ ಸುತ್ತಮುತ್ತ ಬೀಳುವ ಒದ್ದೆ ಹಿಮ, ಮುಂದಿನ ಲಾರಿಯ ಚಕ್ರದಿಂದ ಚಿಮ್ಮುವ ಉಪ್ಪುನೀರಿನ ರಾಡಿ, ಬಂಪರ್ ಮೇಲೆ ಅರ್ಧ ಕರಗಿ ನಿಂತ ಪದರ, ಇವೆಲ್ಲ ರೇಡಾರ್‌ಗೆ ಗೋಡೆ ಎಬ್ಬಿಸುತ್ತವೆ. ಕೊರೆಯುವ ಚಳಿಗಿಂತ ಸೊನ್ನೆಯ ಅಂಚಿನ ಹವೆಯೇ ಸೆನ್ಸರ್‌ಗಳಿಗೆ ಕೆಟ್ಟದ್ದು. ಇದು ಹಲವರಿಗೆ ಅಚ್ಚರಿ ಎನಿಸಬಹುದು. ಕಂಪನಿಯ ಲಾಂಛನದ ಹಿಂದೆ ರೇಡಾರ್ ಇಟ್ಟು, ಆ ಲಾಂಛನದೊಳಗೇ ಬಿಸಿ ತಂತಿ ಹುದುಗಿಸುವ ಪದ್ಧತಿ ಬಂದಿರುವುದು ಈ ಕಾರಣಕ್ಕೆ. ಹೀಟರ್ ಅರೆಬರೆ ಶಕ್ತಿಯದ್ದಾದರೆ ಉಪಯೋಗವಿಲ್ಲ. ಒಣ ಹಿಮವನ್ನು ಒದ್ದೆ ಮಾಡಿ ಅಲ್ಲೇ ಬಿಟ್ಟರೆ ಮೊದಲಿಗಿಂತ ಕೆಟ್ಟ ಸ್ಥಿತಿ.

ತನ್ನ ಕಣ್ಣು ಮುಚ್ಚಿದೆ ಎಂದು ರೇಡಾರ್‌ಗೆ ಗೊತ್ತಾಗುವುದಾದರೂ ಹೇಗೆ? ಒಂದು ದಾರಿ ಎಂದರೆ, ಸಾಕಷ್ಟು ಹೊತ್ತು ಯಾವ ವಸ್ತುವಿನಿಂದಲೂ ಪ್ರತಿಧ್ವನಿ ಬರದಿದ್ದರೆ ಮುಚ್ಚಿರಬೇಕು ಎಂದು ಊಹಿಸುವುದು. ಊರೊಳಗೆ ಇದು ಸರಿ. ಕಂಬ, ಗೋಡೆ, ವಾಹನ, ಏನಾದರೂ ಇದ್ದೇ ಇರುತ್ತದೆ. ಎರಡೂ ಕಡೆ ಬರೀ ಹಿಮದ ಬಯಲು, ಎದುರಿಗೆ ಒಂದೂ ವಾಹನವಿಲ್ಲ ಎನ್ನುವ ರಸ್ತೆಯಲ್ಲಿ ರೇಡಾರ್ ಚೊಕ್ಕಟವಾಗಿದ್ದರೂ ತಾನು ಕುರುಡಾದೆ ಎಂದುಕೊಳ್ಳಬಹುದು. ಒರೆಸಿ ಬಂದರೂ ಸಂದೇಶ ಹೋಗುತ್ತಿಲ್ಲವಲ್ಲ ಎಂದು ಗೊಣಗುವ ಚಾಲಕರ ತಪ್ಪು ಇದರಲ್ಲಿಲ್ಲ.

ಲೈಡಾರ್ ಮತ್ತು ಒಂದೊಂದು ಹಿಮದ ಚೂರು

ಲೈಡಾರ್ ಎಂದರೆ ಲೇಸರ್ ಬೆಳಕು ಬಿಟ್ಟು, ಅದು ಮರಳಲು ಹಿಡಿಯುವ ಹೊತ್ತಿನಿಂದ ದೂರ ಅಳೆಯುವ ಸಾಧನ. ಚಾಲಕರಿಲ್ಲದ ವಾಹನಗಳ ಮುಖ್ಯ ಕಣ್ಣುಗಳಲ್ಲಿ ಒಂದು. ಗಾಳಿಯಲ್ಲಿರುವ ಪ್ರತಿ ಹಿಮದ ಚೂರೂ ಇದಕ್ಕೆ ಒಂದು ವಸ್ತುವೇ. ಜೋರಾಗಿ ಹಿಮ ಸುರಿಯುವಾಗ ವಾಹನದ ಸುತ್ತ ಸುಳ್ಳು ಚುಕ್ಕೆಗಳ ಮೋಡ ಕಟ್ಟುತ್ತದೆ. ಮುಂದಿನ ಕಾರು ಎಬ್ಬಿಸಿದ ಹಿಮದ ಧೂಳು, ಚಳಿಗೆ ದಟ್ಟವಾಗಿ ನಿಂತ ಹೊಗೆ, ಇವೂ ಎದುರಿಗೆ ಗಟ್ಟಿ ವಸ್ತು ಇದ್ದಂತೆ ತೋರಬಹುದು. ಇದನ್ನು ನಂಬಿ ವಾಹನ ಬ್ರೇಕ್ ಹಾಕಿದರೆ ಹಿಂದಿನವರ ಗತಿ?

ಬಿಡಿಸುವ ದಾರಿಗಳು ಸಿಕ್ಕಿವೆ. ನಿಜವಾದ ವಸ್ತುವಿನ ಚುಕ್ಕೆಗಳು ಒತ್ತೊತ್ತಾಗಿರುತ್ತವೆ, ಹಿಮದ ಚುಕ್ಕೆಗಳು ಒಂಟಿಯಾಗಿ ಚದುರಿರುತ್ತವೆ. ಸುತ್ತ ನೆರೆಯೇ ಇಲ್ಲದ ಚುಕ್ಕೆಯನ್ನು ಅಳಿಸಿಬಿಡಿ ಎನ್ನುವುದು ಸರಳ ಸೂತ್ರ. ಆದರೆ ದೂರದ ನಿಜ ವಸ್ತುವಿನ ಚುಕ್ಕೆಗಳೂ ವಿರಳವಾಗಿಯೇ ಇರುತ್ತವಲ್ಲ? ಅದಕ್ಕಾಗಿ ದೂರ ಹೆಚ್ಚಿದಂತೆ ನೆರೆಯ ವ್ಯಾಪ್ತಿಯನ್ನೂ ಹಿಗ್ಗಿಸುವ ವಿಧಾನವನ್ನು ಸಂಶೋಧಕರು ರೂಪಿಸಿದರು. ಕೆನಡಾದ ವಾಟರ್‌ಲೂ ಮತ್ತು ಟೊರಾಂಟೊ ವಿಶ್ವವಿದ್ಯಾಲಯಗಳವರು ವಾಟರ್‌ಲೂ ಪ್ರದೇಶದ ಚಳಿಗಾಲದ ರಸ್ತೆಗಳಲ್ಲಿ ಕ್ಯಾಮೆರಾ, ಲೈಡಾರ್ ಹೊತ್ತ ಕಾರು ಓಡಿಸಿ, ಆ ಮಾಹಿತಿಯನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರು. ಇಂಥ ಕೆಲಸಕ್ಕೆ ಬಿಸಿಲು ನಾಡಿನ ರಸ್ತೆಗಳ ಮಾಹಿತಿ ಸಾಲುವುದಿಲ್ಲ.

ಬೆಳಕಿನ ಬಣ್ಣವೂ ಮುಖ್ಯ. ಬಹಳಷ್ಟು ಲೈಡಾರ್‌ಗಳು 905 ನ್ಯಾನೋಮೀಟರ್ ಬೆಳಕು ಬಳಸುತ್ತವೆ, ಕೆಲವು 1550. ಎರಡೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. 1550ರ ಬೆಳಕನ್ನು ಕಣ್ಣಿನ ಮುಂಭಾಗದ ನೀರೇ ಹೀರಿಕೊಂಡುಬಿಡುತ್ತದೆ, ರೆಟಿನಾವರೆಗೆ ಬಿಡುವುದಿಲ್ಲ. ಹಾಗಾಗಿ ಹೆಚ್ಚು ಶಕ್ತಿಯಲ್ಲಿ ಬಿಡಬಹುದು, ಹೆಚ್ಚು ದೂರ ನೋಡಬಹುದು. ಅದೇ ಗುಣ ಹಿಮದಲ್ಲಿ ತಿರುಗಿ ಬೀಳುತ್ತದೆ. ನಮಗೆ ಕಣ್ಣು ಕೋರೈಸುವಷ್ಟು ಬೆಳ್ಳಗಿರುವ ಹಿಮ 905ರಲ್ಲಿ ಬೆಳ್ಳಗೇ ಇರುತ್ತದೆ, 1550ರಲ್ಲಿ ಕಪ್ಪು. ಬಿದ್ದ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಹಿಮ ಹೊದ್ದು ನಿಂತ ಕಾರು, ಹಿಮದ ದಿಬ್ಬ, ಇವು ಆ ಲೈಡಾರ್‌ಗೆ ಮಂಕಾಗಿ ಕಾಣುತ್ತವೆ. ಯಾವುದೋ ಒಂದು ಲೈಡಾರ್ ಎಲ್ಲ ಹವೆಗೂ ಸೈ ಎಂದು ಯಾರಾದರೂ ಮಾರಲು ಬಂದರೆ, ಹಿಮ ಹೊದ್ದ ವಸ್ತು ಅದಕ್ಕೆ ಹೇಗೆ ಕಾಣುತ್ತದೆ ಎಂದು ಕೇಳಿ ನೋಡಬೇಕು.

ಉಳಿದ ಸೆನ್ಸರ್‌ಗಳದ್ದು ಚಿಕ್ಕ ಕತೆ. ಬಂಪರ್ ಮೇಲಿನ ಬಿಲ್ಲೆಯಂಥ ಪಾರ್ಕಿಂಗ್ ಸೆನ್ಸರ್ ಕಿವಿಗೆ ಕೇಳದ ಸದ್ದು ಹೊರಡಿಸಿ ಅದರ ಪ್ರತಿಧ್ವನಿ ಆಲಿಸುತ್ತದೆ. ಬಿಲ್ಲೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಅದು ಸರಿಯಾಗಿ ಅದುರುವುದಿಲ್ಲ. ಇಲ್ಲವೇ ಆ ಗಡ್ಡೆಯನ್ನೇ ಅಡ್ಡ ನಿಂತ ವಸ್ತು ಎಂದು ತಿಳಿದು ಕೂಗುತ್ತದೆ. ಹಿಂದಿನ ಕ್ಯಾಮೆರಾ ಚಕ್ರಗಳು ಎಬ್ಬಿಸುವ ರಾಡಿಗೆ ನೇರ ಬಲಿ. ಹೆಡ್‌ಲೈಟ್ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಹಳೆಯ ಹ್ಯಾಲೋಜನ್ ದೀಪದ ಶಕ್ತಿಯ ದೊಡ್ಡ ಪಾಲು ಶಾಖವಾಗಿ ಮುಂದಕ್ಕೇ ಬರುತ್ತಿತ್ತು. ಅದು ದಂಡವೇ, ಆದರೆ ಅದೇ ಶಾಖ ದೀಪದ ಮೇಲಿನ ಹಿಮ ಕರಗಿಸುತ್ತಿತ್ತು. ಎಲ್‌ಇಡಿ ದೀಪದ ಶಾಖ ಹಿಂದಕ್ಕೆ ಹೋಗುತ್ತದೆ. ಓಡುತ್ತಿರುವಾಗಲೇ ದೀಪದ ಮುಂದೆ ಹಿಮ ಕಟ್ಟಿ ಬೆಳಕು ಕುಂದುತ್ತದೆ, ಒಳಗೆ ಕೂತವರಿಗೆ ಕೂಡಲೇ ಗೊತ್ತಾಗುವುದೂ ಇಲ್ಲ. ದೀಪದ ಬೆಳಕು ಕುಂದಿದರೆ ಕ್ಯಾಮೆರಾ ನೋಡುವುದೂ ಕುಂದುತ್ತದೆ.

ಗಾಜು ತಿಳಿಯಾದರೂ ಮುಗಿಯಲಿಲ್ಲ

ಎಲ್ಲ ಸೆನ್ಸರ್‌ಗಳೂ ಚೊಕ್ಕಟವಾಗಿವೆ ಎಂದಿಟ್ಟುಕೊಳ್ಳಿ. ಲೇನ್ ಕಾಯುವ ಕ್ಯಾಮೆರಾಗೆ ಬೇಕಾದದ್ದು ರಸ್ತೆಯ ಬಿಳಿ ಗೆರೆ. ಅದು ಹಿಮದಡಿ ಹೂತುಹೋಗಿದೆ. ಕಾಣುವುದು ಚಕ್ರಗಳು ಕೊರೆದ ಎರಡು ಕಪ್ಪು ಜಾಡು, ಪಕ್ಕದಲ್ಲಿ ಒಟ್ಟಿದ ಹಿಮದ ಅಂಚು. ಹಿಮದ ರಸ್ತೆಯಲ್ಲಿ ಮನುಷ್ಯ ಚಾಲಕರು ಎಲ್ಲರೂ ಓಡಾಡಿದ ಜಾಡು ಹಿಡಿದೇ ಹೋಗುತ್ತಾರೆ, ಅದು ಮೂಲ ಲೇನಿಗೆ ಸರಿಹೊಂದದಿದ್ದರೂ. ಕ್ಯಾಮೆರಾ ಜಾಡಿನ ಅಂಚನ್ನು ಗೆರೆ ಎಂದು ತಪ್ಪು ತಿಳಿದರೆ ಸ್ಟೀರಿಂಗ್ ಬೇಡದ ಕಡೆ ಎಳೆಯುತ್ತದೆ. ಜಾರುವ ರಸ್ತೆಯಲ್ಲಿ ಸಣ್ಣ ಎಳೆತವೂ ಸಾಕು. ಲೇನ್ ಗೆರೆ ಕಾಣದ ರಸ್ತೆಯಲ್ಲಿ ಈ ಸೌಲಭ್ಯವನ್ನು ಬಂದ್ ಮಾಡಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಇನ್ನು ಬ್ರೇಕ್. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಹಾಕಿದರೆ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಒತ್ತಿದ ಹಿಮದ ಮೇಲೆ ಹಿಡಿತ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಲ್ಲಲು 39 ಮೀಟರ್ ಬೇಕು. ನುಣುಪು ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್. ತುರ್ತು ಬ್ರೇಕ್ ವ್ಯವಸ್ಥೆ ಡಿಕ್ಕಿಗೆ ಒಂದೂವರೆ ಸೆಕೆಂಡ್ ಇರುವಾಗ ಎಚ್ಚೆತ್ತಿತು ಎಂದುಕೊಂಡರೆ ಅದರ ಎದುರಿಗಿರುವುದು 21 ಮೀಟರ್. ಒಣ ರಸ್ತೆಯಲ್ಲಿ ಧಾರಾಳ. ಹಿಮದ ಮೇಲೆ ಕಾರು ಇನ್ನೂ ಗಂಟೆಗೆ 34 ಕಿಲೋಮೀಟರ್ ವೇಗದಲ್ಲಿ ಹೋಗಿ ಗುದ್ದುತ್ತದೆ, ಮಂಜುಗಡ್ಡೆಯ ಮೇಲಾದರೆ 44ರಲ್ಲಿ. ಹಾಗಂತ ಬ್ರೇಕ್ ದಂಡವಾಯಿತು ಎನ್ನಬಾರದು. 50ರಿಂದ 34ಕ್ಕೆ ಇಳಿದರೆ ಗುದ್ದುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಒಬ್ಬರ ಜೀವ ಉಳಿಯುವುದೂ ಉಳಿಯದಿರುವುದೂ ಅಷ್ಟರಲ್ಲೇ ಇರಬಹುದು. ಆದ್ದರಿಂದಲೇ ಹಿಮದಲ್ಲಿ ಆ ವ್ಯವಸ್ಥೆ ಆರಿಹೋಗುವುದನ್ನು ಸುಮ್ನೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ.

ನೀರು ಬಿದ್ದರೇ ಇವು ತಡವರಿಸುತ್ತವೆ ಎನ್ನುವುದಕ್ಕೆ ಆಧಾರವಿದೆ. ಅಮೆರಿಕದ ಮೋಟಾರು ಸಂಘ ಎಎಎ 2021ರಲ್ಲಿ ಕೃತಕ ಮಳೆಯಲ್ಲಿ ಕಾರುಗಳನ್ನು ಪರೀಕ್ಷಿಸಿತು. ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ, ನಿಂತ ವಾಹನದ ಕಡೆಗೆ ಓಡಿಸಿದಾಗ ಮೂರರಲ್ಲಿ ಒಂದು ಸಲ ಡಿಕ್ಕಿಯಾಯಿತು. ಲೇನ್ ಕಾಯುವ ಪರೀಕ್ಷೆಯಲ್ಲಿ ಶೇ 69ರಷ್ಟು ಸಲ ಕಾರು ಗೆರೆ ದಾಟಿತು. ಅದು ಬರೀ ಮಳೆ.

ಚಾಲಕರಿಲ್ಲದ ವಾಹನಗಳ ವಿಷಯ ಇನ್ನೂ ಬಿಗಿ. ಅಲ್ಲಿ ಸೆನ್ಸರ್ ಕುರುಡಾದರೆ ವಹಿಸಿಕೊಳ್ಳಲು ಯಾರೂ ಇಲ್ಲ. ಫೋರ್ಡ್ ಕಂಪನಿ 2016ರ ಆರಂಭದಲ್ಲಿ ಮಿಷಿಗನ್‌ನಲ್ಲಿ ಹಿಮದ ಮೇಲೆ ತನ್ನ ಸ್ವಯಂಚಾಲಿತ ಕಾರು ಓಡಿಸಿ ತೋರಿಸಿತು. ಗೆರೆ ಕಾಣದಿದ್ದರೆ ಏನು, ಕಟ್ಟಡ, ಕಂಬ, ಫಲಕಗಳು ಹಿಮದ ಮೇಲೆ ಕಾಣುತ್ತವಲ್ಲ, ಮೊದಲೇ ಮಾಡಿಟ್ಟ ಸೂಕ್ಷ್ಮ ನಕ್ಷೆಯಲ್ಲಿ ಅವನ್ನು ಗುರುತಿಸಿ ತನ್ನ ಜಾಗ ತಿಳಿಯುವುದು ಅವರ ಉಪಾಯ. ಫಿನ್ಲೆಂಡ್‌ನ ಸಂಶೋಧನಾ ಸಂಸ್ಥೆ ವಿಟಿಟಿಯ 'ಮಾರ್ಟಿ' ಎಂಬ ಕಾರು 2017ರಲ್ಲಿ ಲ್ಯಾಪ್‌ಲೆಂಡ್‌ನ ಮುಓನಿಯೊದಲ್ಲಿ, ಪೂರ್ತಿ ಹಿಮ ಹೊದ್ದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿತು. ಅಮೆರಿಕದ ಎಂಐಟಿ ಸಂಶೋಧಕರದ್ದು ಬೇರೆಯೇ ದಾರಿ. ನೆಲದೊಳಕ್ಕೆ ರೇಡಾರ್ ಅಲೆ ಬಿಟ್ಟು, ರಸ್ತೆಯಡಿಯ ಮಣ್ಣು, ಕಲ್ಲು, ಬೇರುಗಳ ವಿನ್ಯಾಸದಿಂದಲೇ ಕಾರು ಎಲ್ಲಿದೆ ಎಂದು ತಿಳಿಯುವುದು. ಮೇಲೆ ಎಷ್ಟು ಹಿಮ ಬಿದ್ದರೂ ಕೆಳಗಿನ ಮಣ್ಣು ಬದಲಾಗುವುದಿಲ್ಲ. ಇವೆಲ್ಲ 'ನಾನೆಲ್ಲಿದ್ದೇನೆ' ಎಂಬ ಪ್ರಶ್ನೆಗೆ ಉತ್ತರ. ಎದುರಿಗೆ ಓಡಿಬಂದ ಮಗುವನ್ನು ಕಾಣಲು ಕಣ್ಣು ತೆರೆದೇ ಇರಬೇಕು.

ಹೊಣೆ ಯಾರದ್ದು?

ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 229ನೇ ನಿಯಮ, ಹೊರಡುವ ಮೊದಲು ಎಲ್ಲ ಕಿಟಕಿಗಳ ಹಿಮ ತೆಗೆಯಿರಿ, ದೀಪ ಚೊಕ್ಕಟವಿರಲಿ, ನಂಬರ್ ಪ್ಲೇಟ್ ಕಾಣಲಿ, ಬೇರೆಯವರ ದಾರಿಗೆ ಬೀಳಬಹುದಾದ ಹಿಮವನ್ನೂ ತೆಗೆಯಿರಿ ಎನ್ನುತ್ತದೆ. ಸೆನ್ಸರ್ ಮಾತು ಅಲ್ಲಿ ಬರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2022ರಲ್ಲಿ ಹಿಮ ನಿಂತ 24 ಗಂಟೆಯೊಳಗೆ ವಾಹನದ ಮೇಲಿನ ಹಿಮ ತೆಗೆಯಬೇಕೆಂದು ಕಾನೂನು ಮಾಡಿತು. ಛಾವಣಿಯ ಹಿಮ ಹಿಂದಿನವರ ಮೇಲೆ ಹಾರುವುದನ್ನು ತಪ್ಪಿಸುವುದು ಅದರ ಉದ್ದೇಶ. ಬ್ರೇಕ್ ಹಾಕಿದಾಗ ಅದೇ ಹಿಮ ಮುಂದಕ್ಕೆ ಜಾರಿ ಸ್ವಂತ ವಿಂಡ್‌ಶೀಲ್ಡ್ ಮೇಲೇ ಕುಸಿಯುತ್ತದೆ. ಚಾಲಕರೂ ಕ್ಯಾಮೆರಾವೂ ಒಟ್ಟಿಗೇ ಕುರುಡಾಗುತ್ತಾರೆ.

ಚಾಲಕರ ಪಾಲಿನ ಕೆಲಸ ಇದ್ದೇ ಇದೆ. ಛಾವಣಿಯಿಂದ ಶುರುಮಾಡಿ ಕೆಳಗೆ ಬರಬೇಕು. ಗಾಜಿನ ತುದಿಯಲ್ಲಿ ಕನ್ನಡಿಯ ಹಿಂದಿನ ಜಾಗ ಮರೆಯಬಾರದು. ಬುಡದ ಜಾಲರಿ, ದೀಪಗಳು, ಮುಂದಿನ ಲಾಂಛನ, ಬಂಪರ್‌ನ ಬಿಲ್ಲೆಗಳು, ಹಿಂದಿನ ಕ್ಯಾಮೆರಾ, ಇಷ್ಟನ್ನೂ ಮುಟ್ಟಬೇಕು. ಲೆನ್ಸ್ ಮತ್ತು ಲಾಂಛನಕ್ಕೆ ಗಟ್ಟಿ ಕೆರೆಯುವ ಸಲಕರಣೆ ಬೇಡ, ಮೆತ್ತನೆಯ ಬ್ರಶ್ ಸಾಕು, ಗೀರು ಬಿದ್ದರೆ ಅದು ಶಾಶ್ವತ. ವಿದ್ಯುತ್ ಕಾರಿನವರಿಗೆ ಒಂದು ಅನುಕೂಲವಿದೆ, ಚಾರ್ಜರ್‌ಗೆ ಸಿಕ್ಕಿಸಿರುವಾಗಲೇ ಗಾಜು ಕಾಯಿಸಿಕೊಂಡರೆ ಬ್ಯಾಟರಿ ಖರ್ಚಾಗುವುದಿಲ್ಲ. ಆದರೆ ಹಿಮ ಸುರಿಯುತ್ತಿರುವಾಗ ಬೆಳಿಗ್ಗೆ ಮಾಡಿದ ಇಷ್ಟೆಲ್ಲ ಕೆಲಸ ಹೊರಟ ಕೆಲವೇ ನಿಮಿಷಗಳಲ್ಲಿ ವ್ಯರ್ಥವಾಗಬಹುದು. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋಗುವವರು ಪದೇಪದೇ ಇಳಿದು ಬಂಪರ್ ಒರೆಸಲಾಗುತ್ತದೆಯೇ? ಅಂಚಿನಲ್ಲಿ ನಿಲ್ಲಿಸುವುದೇ ಒಂದು ಅಪಾಯ.

ಆ ಕಾರಣಕ್ಕೆ ಹೊಣೆಯ ದೊಡ್ಡ ಪಾಲು ತಯಾರಕರದ್ದು, ನಿಯಮ ಬರೆಯುವವರದ್ದು. ಸೆನ್ಸರ್ ಮುಚ್ಚಿಹೋದರೆ ಚಾಲಕರಿಗೆ ತಿಳಿಸಬೇಕೆಂದು ಅಮೆರಿಕದ ಹೊಸ ನಿಯಮ ಹೇಳುತ್ತದೆ. ಒಳ್ಳೆಯದೇ, ಆದರೆ ತಿಳಿಸಿದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ. ವಿಂಡ್‌ಶೀಲ್ಡ್‌ಗೆ ಇರುವಂಥ ಗಡುವು ಇವಕ್ಕೂ ಬೇಕು. ಮೈನಸ್ 8 ಅಥವಾ ಮೈನಸ್ 18 ಡಿಗ್ರಿಯ ಅದೇ ಕೋಣೆ ಇದೆ, ಅದೇ ಮಂಜುಗಡ್ಡೆ ಕಟ್ಟಿಸುವ ವಿಧಾನ ಇದೆ. ಕ್ಯಾಮೆರಾ ಎದುರಿನ ಗಾಜು ಮತ್ತು ರೇಡಾರ್ ಮುಂದಿನ ಹೊದಿಕೆ ಇಷ್ಟು ನಿಮಿಷದೊಳಗೆ ತಿಳಿಯಾಗಬೇಕು, ಒದ್ದೆ ಹಿಮದ ರಾಡಿ ಚಿಮ್ಮಿಸುತ್ತಿದ್ದರೂ ತಿಳಿಯಾಗಿಯೇ ಉಳಿಯಬೇಕು ಎಂದು ಎರಡು ಸಾಲು ಸೇರಿಸಿದರೆ ಆಯಿತು. ಆ ರಾಡಿಯ ಪರೀಕ್ಷೆ ಮೈನಸ್ 18ರಲ್ಲಿ ಅಲ್ಲ, ಸೊನ್ನೆಯ ಅಂಚಿನಲ್ಲಿ ನಡೆಯಬೇಕು. ಅಲ್ಲಿ ಪಾಸಾದ ಹೀಟರ್ ಉಳಿದ ಚಳಿಗಾಲವನ್ನೂ ತಡೆದುಕೊಳ್ಳುತ್ತದೆಯೇ ಎಂಬುದನ್ನು ಮೈನಸ್ 18ರ ಕೋಣೆ ಹೇಳುತ್ತದೆ.